ಹಳೇ ಜಾಗದ ಕಾಗದ ಓದಿ ಕೊಡುವ ಅಂಗಡಿ: ಕಾಸರಗೋಡಿನಲ್ಲಿ ಆಸ್ತಿ ಇದ್ದವರಿಗೆ ಒಂದು ರಿವ್ಯೂ

5ರಲ್ಲಿ 4 ಕೊಡುತ್ತೇನೆ. ಉಳಿದ ಒಂದು ಯಾಕೆ ಇಲ್ಲ ಅಂತ ಕೊನೆಯ ಕಡೆ ಬರೆದಿದ್ದೇನೆ, ಅವಸರ ಇದ್ದವರು ಅಲ್ಲಿಗೇ ಹೋಗಿ.

ಮಂಜೇಶ್ವರ ತಾಲೂಕಿನ ಒಂದು ಪೇಟೆಯಲ್ಲಿ, ಹಳೇ ಕಟ್ಟಡದ ಮಹಡಿ ಮೇಲೆ ಇರುವ ಅಂಗಡಿ. ಹೆಸರು ಹಾಕುವುದಿಲ್ಲ, ಅವರೇ ಬೇಡ ಅಂದಿದ್ದಾರೆ. ಈಗ ಬರುವ ಜನವೇ ಜಾಸ್ತಿಯಂತೆ. ಹೊರಗಿನಿಂದ ನೋಡಿದರೆ ಇದು ಎಲ್ಲ ಕಡೆ ಇರುವ ಆನ್‌ಲೈನ್ ಸೇವೆಯ ಅಂಗಡಿ. ಒಂದು ಕಂಪ್ಯೂಟರ್, ಒಂದು ಝೆರಾಕ್ಸ್ ಮಿಶಿನ್, ಪಾಸ್‌ಪೋರ್ಟ್ ಫೋಟೋ ತೆಗೆಯಲು ಗೋಡೆಗೆ ಅಂಟಿಸಿದ ಬಿಳಿ ಬಟ್ಟೆ. ಕರೆಂಟ್ ಬಿಲ್ಲು, ಪಿಂಚಣಿ ಮಸ್ಟರಿಂಗ್, ರೇಷನ್ ಕಾರ್ಡಿಗೆ ಹೆಸರು ಸೇರಿಸುವುದು, ಇಂಥದ್ದೆಲ್ಲ ಕೆಳಗೆ ಬೀದಿಯಲ್ಲೂ ಆಗುತ್ತದೆ. ಅದಕ್ಕಾಗಿ ಮೆಟ್ಟಿಲು ಹತ್ತಬೇಕಾಗಿಲ್ಲ.

ಮೆಟ್ಟಿಲು ಹತ್ತಬೇಕಾದ್ದು ಹಳೇ ಕಾಗದಕ್ಕಾಗಿ. ಜಾಗದ ದಾಖಲೆ ಕನ್ನಡದಲ್ಲಿ ಉಂಟು, ಆಫೀಸು ಮಲಯಾಳದಲ್ಲಿ ಉಂಟು, ಮಕ್ಕಳು ಇಂಗ್ಲಿಷಿನಲ್ಲಿ ಮಾತ್ರ ಓದುತ್ತಾರೆ. ಈ ಮೂರರ ನಡುವೆ ಸಿಕ್ಕಿಬಿದ್ದವರು ಇಲ್ಲಿಗೆ ಬರುತ್ತಾರೆ. ಅಂದರೆ ಚಂದ್ರಗಿರಿ ಹೊಳೆಯ ಉತ್ತರಕ್ಕೆ ಆಸ್ತಿ ಇರುವ ಅರ್ಧಕ್ಕರ್ಧ ಮನೆಯವರು.

ಅಂಗಡಿ ನಡೆಸುವುದು ಒಬ್ಬ ಹಿರಿಯರು ಮತ್ತು ಅವರ ಸೊಸೆ. ಹಿರಿಯರನ್ನು ಎಲ್ಲರೂ ಮಾವ ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಕರೆದೆ. ಮಾವ ಓದುವುದು, ಸೊಸೆ ಟೈಪ್ ಮಾಡುವುದು. ಹಿರಿಯರು ಆಧಾರ (ಜಾಗದ ಪತ್ರ) ಬರೆಯುವವರ ಕೈಕೆಳಗೆ ಕೆಲಸ ಕಲಿತವರು. ಹಳೇ ಶ್ಯಾನುಭೋಗರ ಕೈಬರಹ ನೋಡಿದ್ದೀರಾ? ಅಕ್ಷರಕ್ಕೆ ಅಕ್ಷರ ಅಂಟಿಕೊಂಡು, ತಲೆಕಟ್ಟು ಎಲ್ಲಿ, ದೀರ್ಘ ಎಲ್ಲಿ ಗೊತ್ತಾಗುವುದಿಲ್ಲ. ನಾನು ಎಂಎವರೆಗೆ ಕನ್ನಡ ಓದಿದವನು, ನನಗೆ ಒಂದು ಸಾಲೂ ದಾಟಲಿಲ್ಲ. ಮಾವ ಕನ್ನಡಕ ಹಣೆಗೇರಿಸಿ, ಕಾಗದವನ್ನು ಮೂಗಿನ ಹತ್ತಿರ ಹಿಡಿದು, ಪೇಪರ್ ಓದುವಷ್ಟು ಸಲೀಸಾಗಿ ಓದಿದರು. ಮಧ್ಯೆ ಮಧ್ಯೆ ನಗುತ್ತಿದ್ದರು. ಗೇಣಿ ಜೊತೆಗೆ ವರ್ಷಕ್ಕೆ ಇಷ್ಟು ಬಾಳೆಗೊನೆ ಕೊಡಬೇಕು ಅಂತಲೂ ಬರೆದಿತ್ತು.

ನಮ್ಮ ಫೈಲಿನ ವಿಷಯ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಇವರ ಕೆಲಸ ಎಂತದ್ದು ಅಂತ ಗೊತ್ತಾಗುವುದಿಲ್ಲ. ಪೈವಳಿಕೆ ಕಡೆ ನಮ್ಮ ತಾಯಿಯ ಮನೆಯ ಜಾಗ. ಅಡಿಕೆ ತೋಟ, ಮೇಲೆ ಸ್ವಲ್ಪ ಗುಡ್ಡೆ. ಪಾಲು ಮಾಡಿಕೊಳ್ಳುವ ಮಾತು ಬಂದಾಗ ಅಟ್ಟದ ಪೆಟ್ಟಿಗೆಯಿಂದ ಕಾಗದಗಳ ಕಟ್ಟು ಹೊರಗೆ ಬಂತು. ಮಾವ ಮೊದಲು ಮಾಡಿದ್ದು ಅದನ್ನೆಲ್ಲ ಮೇಜಿನ ಮೇಲೆ ವರ್ಷದ ಪ್ರಕಾರ ಹರವಿದ್ದು. ಹರವಿದ ಮೇಲೆ ತಲೆಬರಹದ ವಿಳಾಸ ಮಾತ್ರ ಓದುತ್ತಾ ಹೋದರು.

ಎಲ್ಲಕ್ಕಿಂತ ಹಳೆಯದರಲ್ಲಿ ಮದ್ರಾಸು, ದಕ್ಷಿಣ ಕನ್ನಡ ಜಿಲ್ಲೆ, ಕಾಸರಗೋಡು ತಾಲೂಕು. ಅಲ್ಲಿಂದ ಮುಂದೆ ಬಂದರೆ ಕೇರಳ, ಕಣ್ಣೂರು ಜಿಲ್ಲೆ. ಯಾಕೆಂದರೆ 1956 ನವೆಂಬರ್ 1ಕ್ಕೆ ದಕ್ಷಿಣ ಕನ್ನಡದ ಉಳಿದ ತಾಲೂಕುಗಳೆಲ್ಲ ಮೈಸೂರಿಗೆ ಹೋದಾಗ ಕಾಸರಗೋಡು ತಾಲೂಕು ಮಾತ್ರ ಕೇರಳಕ್ಕೆ ಬಂತು. ಎರಡು ತಿಂಗಳು ಮಲಬಾರ್ ಜಿಲ್ಲೆಯಲ್ಲಿತ್ತು, 1957 ಜನವರಿಯಲ್ಲಿ ಮಲಬಾರನ್ನು ಒಡೆದಾಗ ಕಣ್ಣೂರಿನ ಪಾಲಾಯಿತು. ಮುಂದಿನ ಕಾಗದದಲ್ಲಿ ಕಾಸರಗೋಡು ಜಿಲ್ಲೆ, ಅದು ಆದದ್ದು 1984 ಮೇ 24ಕ್ಕೆ. ಈಚಿನ ತೀರ್ವೆ (ಕಂದಾಯ) ರಸೀದಿಯಲ್ಲಿ ಮಂಜೇಶ್ವರ ತಾಲೂಕು. ತೋಟ ಇದ್ದಲ್ಲೇ ಇದೆ. ಅದೇ ತೋಡು, ಅದೇ ಕಟ್ಟಪುಣಿ. ಆದರೆ ಅದರ ವಿಳಾಸ ಬದಲಾದಾಗೆಲ್ಲ ರಿಜಿಸ್ಟರು ಬದಲಾಗಿದೆ, ಬರೆಯುವವರು ಬದಲಾಗಿದ್ದಾರೆ, ಒಂದೊಂದು ಸಲ ಒಂದೊಂದು ತಪ್ಪು ಸೇರಿದೆ.

«ಇದು ನಿಮ್ಮ ಒಬ್ಬರ ಕಥೆ ಅಲ್ಲ ಮಾರಾಯ್ರೆ, ಇಲ್ಲಿ ಬರುವವರೆಲ್ಲರದ್ದೂ ಇದೇ» ಅಂದರು ಮಾವ. «ಸರಕಾರ ಒಂದು ರಾತ್ರಿಯಲ್ಲಿ ಬದಲಾದೀತು, ಕಾಗದ ಬದಲಾಗಲಿಕ್ಕೆ ಎರಡು ತಲೆಮಾರು ಬೇಕು.»

ಈ ಅಂಗಡಿ ನನಗೆ ಇಷ್ಟವಾದದ್ದು ಇಲ್ಲೇ. ಕಾಸರಗೋಡು ಅಂದರೆ ನಾವು ಕನ್ನಡದವರು ಸಾಮಾನ್ಯವಾಗಿ ಒಂದೇ ರಾಗ ಹಾಡುತ್ತೇವೆ. ಅನ್ಯಾಯ ಆಯಿತು, ಮಹಾಜನ ವರದಿ ಮೂಲೆಗೆ ಬಿತ್ತು, ಮುಗಿಯಿತು. ಅದು ಸುಳ್ಳಲ್ಲ. ರಾಜ್ಯಗಳನ್ನು ಭಾಷೆಯ ಪ್ರಕಾರ ವಿಂಗಡಿಸಲು ಕೂತ ಫಜಲ್ ಅಲಿ ಆಯೋಗ 1955ರ ವರದಿಯಲ್ಲಿ ಇಡೀ ತಾಲೂಕನ್ನು ಒಂದೇ ಗಂಟು ಅಂತ ಎಣಿಸಿತು. ತೆಂಕಣ ಭಾಗದಲ್ಲಿ ಮಲಯಾಳ, ಬಡಗಣ ಭಾಗದಲ್ಲಿ ತುಳು, ಕನ್ನಡ ಅಂತ ಬಿಡಿಸಿ ನೋಡಲಿಲ್ಲ. 1967ರಲ್ಲಿ ಗಡಿ ತಕರಾರು ನೋಡಿದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಮೈಸೂರಿಗೆ ಕೊಡಿ ಅಂತ ಬರೆಯಿತು. ಕೇರಳ ಒಪ್ಪಲಿಲ್ಲ, ದಿಲ್ಲಿ ಮುಟ್ಟಲಿಲ್ಲ. ಜನ ಸುಮ್ನೆ ಇರಲಿಲ್ಲ ಅನ್ನುವುದಕ್ಕೂ ಲೆಕ್ಕ ಉಂಟು. 1957ರ ಕೇರಳದ ಮೊದಲ ಚುನಾವಣೆಯಲ್ಲಿ ಮಂಜೇಶ್ವರದಿಂದ ಎಂ. ಉಮೇಶ ರಾವ್ ಪಕ್ಷೇತರರಾಗಿ ಅವಿರೋಧವಾಗಿ ಗೆದ್ದರು. ಆಮೇಲೆ 1960, 1965, 1967ರಲ್ಲಿ ಮಹಾಬಲ ಭಂಡಾರಿಯವರು ಗೆದ್ದರು. ಕರ್ನಾಟಕಕ್ಕೆ ಸೇರಬೇಕು ಅನ್ನುವುದೇ ಆಗ ಇಲ್ಲಿ ಓಟಿನ ವಿಷಯ.

ಆದರೆ ನಮ್ಮ ಫೈಲು ಬೇರೆಯೇ ಒಂದು ಕಥೆ ಹೇಳುತ್ತದೆ.

ನಮ್ಮ ತಾಯಿಯ ಮನೆಯವರು ವರ್ಗದಾರರಲ್ಲ, ಅಂದರೆ ಜಾಗದ ಧಣಿಗಳಲ್ಲ, ಒಕ್ಕಲು. ಗೇಣಿಚೀಟು ಮದ್ರಾಸು ಕಾಲದ್ದು, ಕನ್ನಡದಲ್ಲಿದೆ, ಚಾಲಗೇಣಿ. ಮೂಲಗೇಣಿ ಆಗಿದ್ದರೆ ಗೇಣಿ ಕೊಡುತ್ತಾ ತಲೆತಲಾಂತರ ಕೂತುಕೊಳ್ಳಬಹುದಿತ್ತು. ಚಾಲಗೇಣಿ ಅಂದರೆ ವರ್ಷ ವರ್ಷದ ಲೆಕ್ಕ, ಧಣಿಗೆ ಮನಸ್ಸು ಬದಲಾದರೆ ಒಕ್ಕಲು ಹೊರಗೆ. ಮಾವ ಆ ಚೀಟನ್ನು ಓದಿ ಮುಗಿಸಿ ಪಕ್ಕಕ್ಕಿಟ್ಟು ಮುಂದಿನ ಕಾಗದ ತೆಗೆದರು. ಅದು ಮಲಯಾಳದಲ್ಲಿತ್ತು. ಲ್ಯಾಂಡ್ ಟ್ರಿಬ್ಯೂನಲ್ ಕೊಟ್ಟ ಕ್ರಯ ಸರ್ಟಿಫಿಕೇಟು, ಇಲ್ಲಿನ ಬಾಯಿಮಾತಿನಲ್ಲಿ ಪಟ್ಟಯ. ಜಾಗ ನಮ್ಮದಾದದ್ದು ಆ ಕಾಗದದಿಂದ.

ನೋಡಿ, ಇದನ್ನು ಸ್ವಲ್ಪ ನಿಧಾನಕ್ಕೆ ಹೇಳಬೇಕು. 1957 ಏಪ್ರಿಲ್ 5ಕ್ಕೆ ಕೇರಳದಲ್ಲಿ ಇ.ಎಂ.ಎಸ್. ನಂಬೂದಿರಿಪಾಡರ ಕಮ್ಯುನಿಸ್ಟ್ ಸರಕಾರ ಬಂತು. ಒಂದು ವಾರದ ಒಳಗೆ, ಏಪ್ರಿಲ್ 11ಕ್ಕೆ, ಒಕ್ಕಲನ್ನು ಎಬ್ಬಿಸಬಾರದು ಅಂತ ಸುಗ್ರೀವಾಜ್ಞೆ ತಂದರು. ಅಂದರೆ ಕಾಸರಗೋಡು ಕೇರಳಕ್ಕೆ ಸೇರಿ ಆರು ತಿಂಗಳೂ ಆಗಿರಲಿಲ್ಲ. ಆ ಸರಕಾರವನ್ನು 1959 ಜುಲೈ 31ಕ್ಕೆ ದಿಲ್ಲಿ ಕಿತ್ತುಹಾಕಿತು, ಭೂಮಿಯ ಕಾನೂನು ಕೋರ್ಟು ಕಚೇರಿ ಅಲೆದು ಏನೇನೋ ಆಯಿತು, ಕೊನೆಗೆ 1970 ಜನವರಿ 1ರಿಂದ ಗೇಣಿ ಪದ್ಧತಿಯೇ ರದ್ದಾಯಿತು. ಉಳುವವನ ಕೈಗೆ ಜಾಗ. ಗುಡಿಸಲು ಹಾಕಿ ಕೂತ ಕುಡಿಕಿಡಪ್ಪುಗಾರರಿಗೂ ಪಂಚಾಯತಿನಲ್ಲಿ 10 ಸೆಂಟ್ಸ್ ವರೆಗೆ ಹಕ್ಕು ಸಿಕ್ಕಿತು. ಗಡಿಯ ತಲಪಾಡಿಯ ಆಚೆ, ಕರ್ನಾಟಕಕ್ಕೆ ಹೋದ ಅದೇ ಹಳೇ ದಕ್ಷಿಣ ಕನ್ನಡದಲ್ಲಿ, ಇದೇ ಕೆಲಸ ಆದದ್ದು 1974 ಮಾರ್ಚ್ 1ರಿಂದ. ಅಲ್ಲಿನ ನೆಂಟರು ಈಗಲೂ «ನಾವು ಡಿಕ್ಲರೇಶನ್ ಕೊಟ್ಟದ್ದು» ಅಂತ ಹೇಳುವುದು ಅದನ್ನೇ.

ಹಾಗಾಗಿ ನಮ್ಮ ಮನೆಯ ಲೆಕ್ಕ ಹೀಗಿದೆ. ಆಫೀಸಿನಿಂದ ನಮ್ಮ ಕನ್ನಡವನ್ನು ಹೊರಗೆ ಹಾಕಿದ ಸರಕಾರವೇ ನಮಗೆ ಜಾಗ ಕೊಟ್ಟಿತು. ಜಾಗ ನಿಮ್ಮದು ಅನ್ನುವ ಕಾಗದ ಮಲಯಾಳದಲ್ಲಿದೆ. ಆ ಜಾಗದ ಗಡಿ ಎಲ್ಲಿಂದ ಎಲ್ಲಿಗೆ ಅನ್ನುವ ಕಾಗದ ಕನ್ನಡದಲ್ಲಿದೆ. ಎರಡೂ ಬೇಕು, ಒಂದನ್ನು ಬಿಟ್ಟರೆ ಇನ್ನೊಂದಕ್ಕೆ ಬೆಲೆ ಇಲ್ಲ. ವರ್ಗ ಇದ್ದ ಮನೆಯವರನ್ನು ಕೇಳಿದರೆ ಖಂಡಿತ ಬೇರೆ ಮಾತು ಹೇಳುತ್ತಾರೆ, ಅವರ ಕಳಕೊಂಡ ಪಟ್ಟಿ ಉದ್ದ ಉಂಟು. ನಾನು ಕಾಯುತ್ತಿದ್ದಾಗ ಅಂಥ ಒಂದು ಮನೆಯವರೂ ಬೆಂಚಿನಲ್ಲಿ ಕೂತಿದ್ದರು. ಕದೀಂ (ಹಳೇ) ವರ್ಗದ ಕುಮ್ಕಿ ವಿಷಯ. ವರ್ಗದ ಸುತ್ತ 450 ಗಜದೊಳಗಿನ ಸರಕಾರಿ ಜಾಗದಿಂದ ಸೊಪ್ಪು ಸೌದೆ ತರುವ ಹಕ್ಕು ಅದು. ಅದನ್ನು ಹಿಡಿದುಕೊಂಡು ಈಗ ಏನು ಮಾಡಬಹುದು ಅಂತ ಕೇಳುತ್ತಿದ್ದರು. ಮಾವ ಆಸೆ ಹುಟ್ಟಿಸಲಿಲ್ಲ. «ತೋಟಕ್ಕೆ ಸೊಪ್ಪು ತಂದದ್ದು ಸರಿ, ಮಾರಲಿಕ್ಕೆ ಅದು ನಿಮ್ಮದಲ್ಲ» ಅಂತ ಮುಖಕ್ಕೆ ಹೇಳಿ ಕಳಿಸಿದರು. ದುಡ್ಡೂ ತಗೊಳ್ಳಲಿಲ್ಲ. ಇದಕ್ಕೆ ಬೇಕಾದರೆ ಅರ್ಧ ಸ್ಟಾರ್ ಜಾಸ್ತಿ.

ಈಗ ನಮ್ಮ ನಿಜವಾದ ತಲೆನೋವು. ಪಟ್ಟಯ ಇರುವುದು ಅಜ್ಜಿಯ ಅಣ್ಣನ ಹೆಸರಿನಲ್ಲಿ. ಅವರು ಆಗ ಕುಟುಂಬದ ಯಜಮಾನರು. ನಮ್ಮದು ಅಳಿಯಸಂತಾನ. ಆಸ್ತಿ ತಾಯಿಯ ಕಡೆಯಿಂದ ಇಳಿಯುತ್ತದೆ, ಯಜಮಾನ ನೋಡಿಕೊಳ್ಳುವವನು ಮಾತ್ರ. ಹಾಗಾದರೆ ಆ ಜಾಗ ಅವರ ಸ್ವಂತದ್ದಾ, ಕುಟುಂಬದ್ದಾ? ಅವರ ಮಕ್ಕಳು ಸ್ವಂತದ್ದು ಅನ್ನುತ್ತಾರೆ, ನಮ್ಮ ತಾಯಿ ಕುಟುಂಬದ್ದು ಅನ್ನುತ್ತಾರೆ. ಎರಡು ಮನೆಯವರೂ ಒಂದೇ ಭೂತದ ಕೋಲಕ್ಕೆ ಬಂದು ಒಂದೇ ಪಂಕ್ತಿಯಲ್ಲಿ ಊಟ ಮಾಡುತ್ತಾರೆ ಅನ್ನುವುದು ಬೇರೆ ವಿಷಯ.

ಇಲ್ಲಿಯೂ ರಾಜ್ಯದ ಗಡಿ ಬಂದು ನಿಲ್ಲುತ್ತದೆ. ಮದ್ರಾಸು ಸರಕಾರ 1949ರಲ್ಲಿ ಅಳಿಯಸಂತಾನಕ್ಕೆ ಒಂದು ಕಾಯ್ದೆ ಮಾಡಿತ್ತು, ಕವರು ಕವರಾಗಿ, ಅಂದರೆ ತಾಯಿ ಕಡೆಯ ಕವಲು ಕವಲಾಗಿ, ಪಾಲು ಕೇಳಲು ಅದರಲ್ಲಿ ದಾರಿ ಇತ್ತು. ಕೇರಳ ಏನು ಮಾಡಿತು ಅಂದರೆ, 1975ರಲ್ಲಿ ಹಿಂದೂ ಕೂಡುಕುಟುಂಬ ಪದ್ಧತಿಯನ್ನೇ ರದ್ದು ಮಾಡುವ ಕಾನೂನು ತಂದಿತು. ಜಾರಿಗೆ ಬಂದದ್ದು 1976 ಡಿಸೆಂಬರ್ 1ಕ್ಕೆ. ನಾಯರ್ ತರವಾಡುಗಳನ್ನು (ಅವರ ಕೂಡುಕುಟುಂಬಗಳನ್ನು) ಕಣ್ಣ ಮುಂದೆ ಇಟ್ಟುಕೊಂಡು ಮಾಡಿದ ಕಾನೂನು ಅಂತ ನಮ್ಮ ಕಡೆಯವರು ಹೇಳುತ್ತಾರೆ. ಯಾರಿಗೆ ಮಾಡಿದರೇನು, ಬಂಟರ ಮನೆಗೂ ಬಿಲ್ಲವರ ಮನೆಗೂ ಅದೇ ಬಂತು. ಆ ದಿನಕ್ಕೆ ಕುಟುಂಬದಲ್ಲಿ ಯಾರು ಯಾರು ಇದ್ದರೋ ಅವರಿಗೆಲ್ಲ ಅವರವರ ಪಾಲು ಅಂತ ಬರೆದಾಯಿತು. ಹೊಸಂಗಡಿಯಲ್ಲಿ ಹುಟ್ಟಿ ಗಡಿ ದಾಟಿ ಉಳ್ಳಾಲಕ್ಕೆ ಮದುವೆಯಾಗಿ ಹೋದ ಹೆಂಗಸಿಗೆ ಎರಡು ಕಡೆಯ ಆಸ್ತಿಗೆ ಎರಡು ಕಾನೂನು.

ಮಾವ ಇದಕ್ಕೆ ತೀರ್ಪು ಕೊಡಲಿಲ್ಲ. ಕೊಡುವ ಕೆಲಸ ಅವರದ್ದಲ್ಲ ಕೂಡ. ಅವರು ಮಾಡಿದ್ದು, ಗೇಣಿಚೀಟಿನಲ್ಲಿ ಅಜ್ಜಿಯ ಅಣ್ಣನ ಹೆಸರಿನ ಪಕ್ಕ ಒಂದು ಸಣ್ಣ ಮಾತು ಇದ್ದದ್ದನ್ನು ಹುಡುಕಿ ತೆಗೆದದ್ದು. ಕುಟುಂಬದ ಬಾಬ್ತು ಯಜಮಾನನಾಗಿ ಅಂತ ಅಲ್ಲಿ ಬರೆದಿತ್ತು. ಇಷ್ಟು ವರ್ಷ ಆ ಚೀಟು ಮನೆಯಲ್ಲೇ ಇತ್ತು, ವಕೀಲರ ಹತ್ತಿರವೂ ಹೋಗಿ ಬಂದಿತ್ತು, ಯಾರೂ ಓದಿರಲಿಲ್ಲ. ಓದಲು ಬರುತ್ತಿರಲಿಲ್ಲ ಅಷ್ಟೇ. ಪಟ್ಟಯ ಬರೆದ ಗುಮಾಸ್ತರು ಆ ಮಾತನ್ನು ಬಿಟ್ಟಿದ್ದರು. ಅವರಿಗೆ ಕನ್ನಡ ಓದಲು ಆಗಲಿಲ್ಲವೋ, ಬೇಕಿಲ್ಲ ಅಂತ ಬಿಟ್ಟರೋ ಯಾರಿಗೆ ಗೊತ್ತು. ಆ ಸಾಲು ಈಗ ನಮ್ಮ ಇಡೀ ವ್ಯವಹಾರವನ್ನು ತಿರುಗಿಸಿದೆ. ಅನುವಾದಕ್ಕೆ ಪುಟಕ್ಕೆ 300 ರೂಪಾಯಿ ತಗೊಂಡರು, ಒಂದು ಸಾವಿರ ಕೇಳಿದ್ದರೂ ಕೊಡುತ್ತಿದ್ದೆ.

ಸೊಸೆಯ ಕೆಲಸವನ್ನೂ ಹೇಳಬೇಕು. ಆಕೆ ಹತ್ತರವರೆಗೆ ಕನ್ನಡ ಮಾಧ್ಯಮ, ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ಬ್ಯಾರಿಗಳು ಬಂದರೆ ಬ್ಯಾರಿ. ಒಂದು ಕೀಬೋರ್ಡಿನಲ್ಲಿ ಎರಡು ಲಿಪಿ ಹಾರಿ ಹಾರಿ ಟೈಪ್ ಮಾಡುತ್ತಾರೆ. ನಮ್ಮ ಕಾಗದದಲ್ಲಿ ಒಬ್ಬರೇ ಮನುಷ್ಯನ ಹೆಸರು ಮೂರು ಥರ ಇತ್ತು. ಕನ್ನಡದಲ್ಲಿ ಪೂರ್ತಿ ಹೆಸರು, ಮಲಯಾಳದಲ್ಲಿ ಮನೆ ಹೆಸರು ಇನಿಶಿಯಲ್ ಆಗಿ, ಕಂಪ್ಯೂಟರಿಗೆ ಏರಿಸುವಾಗ ಇಂಗ್ಲಿಷಿನಲ್ಲಿ ಇನ್ನೊಂದು. ಮೂವರೂ ಒಬ್ಬರೇ ಅಂತ ವಿಲೇಜ್ ಆಫೀಸಿನಿಂದ ಸರ್ಟಿಫಿಕೇಟು ಬೇಕು, ಅದಕ್ಕೆ ಯಾವ ಯಾವ ದಾಖಲೆ ಲಗತ್ತಿಸಬೇಕು ಅಂತ ಆಕೆಗೆ ಬಾಯಿಪಾಠ. ಎಕ್ರೆ ಸೆಂಟ್ಸಿನಲ್ಲಿ ಇದ್ದದ್ದನ್ನು ಹೆಕ್ಟೇರು, ಆರ್, ಚದರ ಮೀಟರಿಗೆ ತಿರುಗಿಸುವುದು ಕೂಡ. 1 ಆರ್ ಅಂದರೆ 2.47 ಸೆಂಟ್ಸ್, ನೆನಪಿಟ್ಟುಕೊಳ್ಳಿ, ರಸೀದಿ ನೋಡಿ ಜಾಗ ಕಡಿಮೆಯಾಯಿತು ಅಂತ ಗಾಬರಿಯಾಗುವವರು ದಿನಾ ಬರುತ್ತಾರಂತೆ.

ಇನ್ನೊಂದು ಕೆಲಸ ಇವರು ಚೆನ್ನಾಗಿ ಮಾಡುತ್ತಾರೆ, ಗದ್ದೆಯ ಕೆಲಸ. ನಮ್ಮ ಊರಿನಲ್ಲಿ ಗದ್ದೆ ಅಂದರೆ ಒಂದೇ ಥರ ಅಲ್ಲ. ಕೆಳಗೆ ಬೈಲು, ಅದರ ಮೇಲೆ ಮಜಲು, ಎಲ್ಲಕ್ಕಿಂತ ಮೇಲೆ ಬೆಟ್ಟು. ಬೆಟ್ಟುಗದ್ದೆಗೆ ಮಳೆಯ ನೀರೇ ಗತಿ, ಒಂದೇ ಬೆಳೆ. ಎಷ್ಟೋ ಕಡೆ ಅದನ್ನು ಅಡಿಕೆ ತೋಟ ಮಾಡಿ ಒಂದು ತಲೆಮಾರು ದಾಟಿದೆ. ಆದರೆ ಮೂಲ ತೀರ್ವೆ ರಿಜಿಸ್ಟರಿನಲ್ಲಿ ಎಲ್ಲವೂ ಈಗಲೂ ನಿಲಂ, ಅಂದರೆ ಗದ್ದೆ. ಅಕ್ಕಿಗೆ ಬಹುಪಾಲು ಹೊರಗಿನವರ ಕೈ ನೋಡುವ ರಾಜ್ಯ ಕೇರಳ. ಇದ್ದ ಗದ್ದೆಯಾದರೂ ಉಳಿಯಲಿ ಅಂತ 2008ರಲ್ಲಿ ಗದ್ದೆ ಮತ್ತು ತಗ್ಗುಜಾಗ ಉಳಿಸುವ ಕಾಯ್ದೆ ತಂದಿತು. ಉದ್ದೇಶ ಸರಿ, ನನಗೆ ಅದರಲ್ಲಿ ತಕರಾರಿಲ್ಲ. ಆದರೆ ಕುಟ್ಟನಾಡಿನ ನೀರು ನಿಂತ ಗದ್ದೆಗೂ ನಮ್ಮ ಬೆಟ್ಟುಗದ್ದೆಯಲ್ಲಿ ಎದ್ದ ತೋಟಕ್ಕೂ ಒಂದೇ ಅಳತೆಕೋಲು ಹಿಡಿದರೆ ಹೇಗೆ? ಅದರಲ್ಲಿ ಮನೆ ಕಟ್ಟಬೇಕಾದರೆ ಫಾರ್ಮ್ 5 ಅಥವಾ ಫಾರ್ಮ್ 6 ಹಾಕಬೇಕು. ಜಾಗ ಡೇಟಾ ಬ್ಯಾಂಕಿನಲ್ಲಿ (ಗದ್ದೆಗಳ ಸರಕಾರಿ ಪಟ್ಟಿಯಲ್ಲಿ) ಇದ್ದರೆ ಮೊದಲನೆಯದು, ಅದರಲ್ಲಿ ಇಲ್ಲದೆ ರಿಜಿಸ್ಟರಿನಲ್ಲಿ ಮಾತ್ರ ನಿಲಂ ಅಂತ ಇದ್ದರೆ ಎರಡನೆಯದು. 25 ಸೆಂಟ್ಸ್ ದಾಟಿದರೆ ಫೀಸು ಸರಕಾರದ ಫೇರ್ ವ್ಯಾಲ್ಯೂವಿನ ಮೇಲೆ ಶೇಕಡಾ 10ರಿಂದ ಶುರು. ಎಷ್ಟೋ ಜನ ಗೊತ್ತಿಲ್ಲದೆ ತಪ್ಪು ಫಾರ್ಮ್ ಹಾಕಿ ವರ್ಷ ಕಾಯುತ್ತಾರೆ. ಇವರು ಮೊದಲು ಡೇಟಾ ಬ್ಯಾಂಕ್ ನೋಡಿ ಆಮೇಲೆ ಫಾರ್ಮ್ ಮುಟ್ಟುತ್ತಾರೆ.

ಕನ್ನಡದಲ್ಲೇ ಅರ್ಜಿ ಕೊಡಬಹುದಲ್ವಾ ಅಂತ ಕೇಳುವವರು ಇದ್ದೀರಿ. ಕೊಡಬಹುದು. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲಿಯೇ ತಮಿಳು, ಕನ್ನಡ ಅಲ್ಪಸಂಖ್ಯಾತರಿಗೆ ಆ ಹಕ್ಕು ಉಂಟು. ಅವರ ಭಾಷೆಯಲ್ಲಿ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಕನ್ನಡ ಮತ್ತು ಮಲಯಾಳ ಎರಡೂ ಗೊತ್ತಿರುವವರಿಗೆ ಅಂತಲೇ ಈ ಜಿಲ್ಲೆಯಲ್ಲಿ ಕ್ಲರ್ಕ್ ಹುದ್ದೆಗಳನ್ನು ಪಿಎಸ್‌ಸಿ ಕರೆಯುತ್ತದೆ. ಆದರೆ ನೀವು ಪ್ಯಾಂಟಿನ ಕಿಸೆಯಲ್ಲಿ ಕಾಯ್ದೆ ಇಟ್ಟುಕೊಂಡು ಹೋದರೂ, ಕೌಂಟರಿನಲ್ಲಿ ಆ ದಿನ ಕೂತವರಿಗೆ ಕನ್ನಡ ಬರದಿದ್ದರೆ ಅರ್ಜಿ ಮೇಜಿನ ಮೇಲೆ ಮಲಗುತ್ತದೆ. ನನಗೆ ಒಂದು ಆಫೀಸಿನಲ್ಲಿ ಹಾಗೇ ಆಯಿತು. ಜಗಳ ಮಾಡಬಹುದಿತ್ತು. ಮಾವ ಒಂದು ದಾರಿ ಮಾಡಿದ್ದಾರೆ. ಎಡಗಡೆ ಕನ್ನಡ, ಬಲಗಡೆ ಮಲಯಾಳ, ಒಂದೇ ಹಾಳೆಯಲ್ಲಿ ಎರಡೂ. «ಹಕ್ಕನ್ನೂ ಬಿಡಬೇಡಿ, ಕೆಲಸವನ್ನೂ ಬಿಡಬೇಡಿ» ಅಂತ ಅವರ ಸಿದ್ಧಾಂತ. ಶಾಲೆಯಲ್ಲಿ ಮಲಯಾಳ ಕಡ್ಡಾಯ ಮಾಡಿದ 2017ರ ಕಾನೂನು, 2025ರಲ್ಲಿ ವಿಧಾನಸಭೆ ಪಾಸು ಮಾಡಿದ ಮಲಯಾಳ ಭಾಷಾ ಮಸೂದೆ, ಎರಡರ ಸುದ್ದಿ ಬಂದಾಗಲೂ ಇಲ್ಲಿ ದೊಡ್ಡ ಚರ್ಚೆ ಆಯಿತಂತೆ. ಸೊಸೆ ಹೇಳಿದ್ದು ಇಷ್ಟು: ಮಕ್ಕಳು ಮಲಯಾಳ ಕಲಿಯಲಿ, ಕೆಲಸ ಸಿಗುತ್ತದೆ, ಆದರೆ ಮಾವನ ಕೆಲಸ ಮುಂದೆ ಯಾರು ಮಾಡುತ್ತಾರೆ?

ಗಡಿಯ ಆಚೆಗೆ ಬೇಕಾದ ಕಾಗದವನ್ನೂ ಇಲ್ಲಿ ಮಾಡುತ್ತಾರೆ. ಮೇ, ಜೂನ್‌ನಲ್ಲಿ ಹೋದರೆ ಬೆಂಚಿನ ತುಂಬ ಸಿಇಟಿ ಮಕ್ಕಳು. ಕರ್ನಾಟಕದ ಸಿಇಟಿ ನಿಯಮದಲ್ಲಿ ಗಡಿನಾಡ ಕನ್ನಡಿಗರಿಗೆ ಒಂದು ಕಲಮು ಉಂಟು. ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲೂಕುಗಳ ಸಾಲಿನಲ್ಲೇ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ಕೂಡ ಇವೆ, ವಿವಾದಿತ ಕನ್ನಡ ಪ್ರದೇಶ ಅಂತ. ಕನ್ನಡ ಪರೀಕ್ಷೆಯನ್ನೂ ಬರೆಯಬೇಕು. ಮಹಾಜನ ವರದಿ ಸತ್ತುಹೋಯಿತು ಅಂತ ಯಾರು ಹೇಳಿದ್ದು? ಇಂಜಿನಿಯರಿಂಗ್ ಸೀಟಿನ ಅರ್ಜಿಯಲ್ಲಿ ಜೀವಂತ ಇದೆ. ಕೇರಳದ ತಾಲೂಕು ಆಫೀಸಿನಿಂದ ವಾಸದ ಸರ್ಟಿಫಿಕೇಟು ತಂದು, ಈ ತಾಲೂಕು ಕೇರಳದ್ದಾ ಅಲ್ವಾ ಅನ್ನುವುದೇ ವಿವಾದ ಅಂತ ಬರೆದ ಅರ್ಜಿಗೆ ಪಿನ್ ಮಾಡುವುದು ಇಲ್ಲಿ ಮಾತ್ರ ನೋಡಲು ಸಿಗುವ ತಮಾಷೆ. ಇದೇ ರಸ್ತೆಯಲ್ಲಿ 2020ರ ಮಾರ್ಚ್‌ನಲ್ಲಿ, ಕೊರೋನಾ ಸಮಯಕ್ಕೆ, ಕರ್ನಾಟಕದವರು ತಲಪಾಡಿಗೆ ಮಣ್ಣು ಸುರಿದು ಮಂಗಳೂರಿನ ಆಸ್ಪತ್ರೆಗೆ ಹೋಗುವ ಆಂಬುಲೆನ್ಸನ್ನೂ ತಡೆದದ್ದು. ಆಗ ಗಡಿನಾಡ ಕನ್ನಡಿಗ ಅಂತ ಯಾರೂ ಕೇಳಲಿಲ್ಲ.

ಮುಂದಿನ ವಿಷಯ ಎಲ್ಲರೂ ಗಮನಿಸಬೇಕಾದ್ದು. ಕೇರಳ 2022 ನವೆಂಬರ್ 1ಕ್ಕೆ ಡಿಜಿಟಲ್ ಮರುಸರ್ವೆ ಶುರು ಮಾಡಿತು. ಉಪಗ್ರಹದ ಸಿಗ್ನಲ್ ಹಿಡಿಯುವ ಯಂತ್ರ ತಂದು ಮೂಲೆ ಮೂಲೆ ಅಳೆದು ಹೋಗುತ್ತಾರೆ. 2024ರಲ್ಲಿ ಕಂದಾಯ, ಸರ್ವೆ, ರಿಜಿಸ್ಟ್ರೇಶನ್ ಮೂರನ್ನೂ ಒಂದೇ ಕಡೆ ತರುವ ಎಂಡೆ ಭೂಮಿ ಪೋರ್ಟಲ್ ಬಂತು. ಅದು ಮೊದಲು ಶುರುವಾದ ಗ್ರಾಮ ನಮ್ಮ ಮಂಜೇಶ್ವರ ತಾಲೂಕಿನ ಉಜಾರು ಉಳ್ವಾರು. ಇದು ನಿಜವಾಗಿ ಒಳ್ಳೆಯ ಕೆಲಸ. ಒಂದು ಸಲ ಸರಿಯಾದರೆ ಮುಂದಿನವರು ಮೂರು ಆಫೀಸು ಸುತ್ತಬೇಕಾಗಿಲ್ಲ. ಆದರೆ ಅಳೆಯುವ ದಿನ ಜಾಗದಲ್ಲಿ ಯಾರು ನಿಂತಿದ್ದಾರೋ ಅವರು ತೋರಿಸಿದ ಗಡಿಯೇ ನಕ್ಷೆಗೆ ಹೋಗುವ ಸಾಧ್ಯತೆ ಜಾಸ್ತಿ. ಮುಂಬಯಿಯಲ್ಲಿ, ದುಬಾಯಿಯಲ್ಲಿ, ಬೆಂಗಳೂರಿನಲ್ಲಿ ಇರುವವರ ಜಾಗ ಯಾರು ತೋರಿಸುತ್ತಾರೆ? ಕರಡು ಪ್ರಕಟವಾದಾಗ ತಕರಾರು ಹಾಕಲು ಸಮಯ ಕೊಡುತ್ತಾರೆ. ತಕರಾರಿಗೆ ಆಧಾರ ಬೇಕು. ಆಧಾರ ಇರುವುದು ಪೆಟ್ಟಿಗೆಯೊಳಗೆ, ಮೋಡಿ ಅಕ್ಷರದ ಕನ್ನಡದಲ್ಲಿ. ಮಾವನಿಗೆ ಎಂಬತ್ತರ ಹತ್ತಿರ. ಅವರಂಥ ಓದುವವರು ಈ ತಾಲೂಕಿನಲ್ಲಿ ಈಗ ಬೆರಳಲ್ಲಿ ಎಣಿಸುವಷ್ಟು ಅಂತ ಅವರೇ ಹೇಳುತ್ತಾರೆ.

ಸರಿ, ಕಡಿಮೆ ಆದ ಒಂದು ಸ್ಟಾರಿಗೆ ಬರೋಣ.

ಕಾಯಿಸುವುದು ವಿಪರೀತ. ಟೋಕನ್ ಇಲ್ಲ, ಯಾರು ಮೊದಲು ಬಂದರು ಅಂತ ಬೆಂಚಿನಲ್ಲಿ ಕೂತವರೇ ತೀರ್ಮಾನ ಮಾಡಬೇಕು. ಮಾವನಿಗೆ ಕಾಗದ ಇಂಟರೆಸ್ಟಿಂಗ್ ಅನ್ನಿಸಿದರೆ ಮುಗಿಯಿತು, ನಿಮ್ಮ ಸರದಿ ಊಟದ ನಂತರ. ಫೋನು ಎತ್ತುವುದಿಲ್ಲ. ವಾಟ್ಸಾಪಿನಲ್ಲಿ ಫೋಟೋ ಕಳಿಸಿದರೆ ನೋಡುವುದಿಲ್ಲ, ಕಾಗದವನ್ನೇ ತರಬೇಕು. (ಇದು ಸರಿಯೇ ಇರಬಹುದು, ಹಿಂಬದಿಯ ಮುದ್ರೆ, ಸ್ಟಾಂಪು ಮಾರಿದ ತಾರೀಕು ಎಲ್ಲ ಫೋಟೋದಲ್ಲಿ ಬರುವುದಿಲ್ಲ.) ರೇಟಿನ ಬೋರ್ಡು ಇಲ್ಲ. ಅನುವಾದಕ್ಕೆ ಪುಟದ ಲೆಕ್ಕ, ಅರ್ಜಿಗೆ ಬೇರೆ, ಆಫೀಸಿಗೆ ಜೊತೆಗೆ ಬಂದರೆ ಇನ್ನೂ ಬೇರೆ. ಮೋಸ ಇಲ್ಲ, ಆದರೆ ಮೊದಲೇ ಕೇಳಿಕೊಳ್ಳಿ. ಗೂಗಲ್ ಪೇ ಒಮ್ಮೊಮ್ಮೆ ನಡೆಯುತ್ತದೆ. ಮೆಟ್ಟಿಲು ಕಡಿದಾಗಿದೆ, ಮಂಡಿ ನೋವಿನವರಿಗೆ ಕಷ್ಟ. ಹಳೇ ಕಾಗದ ತರುವವರೆಲ್ಲ ಮಂಡಿ ನೋವಿನವರೇ, ಇದನ್ನು ಅವರು ಯೋಚಿಸಬೇಕಿತ್ತು. ಸೊಸೆ ಪ್ರಿಂಟ್ ಕೊಡುವ ಮೊದಲು ಮಲಯಾಳ ಹೆಸರುಗಳನ್ನು ಇನ್ನೊಮ್ಮೆ ಓದಿಸಿ ನೋಡಿದರೆ ಒಳ್ಳೆಯದು. ನನ್ನ ತಾಯಿಯ ಹೆಸರಿನ ಳಕಾರ ಲಕಾರ ಆಗಿತ್ತು, ನಾನೇ ಹಿಡಿದೆ. ತಕರಾರಿಲ್ಲದೆ ಪುನಃ ಪ್ರಿಂಟ್ ಹಾಕಿ ಕೊಟ್ಟರು.

ಕೆಳಗಿನ ಹೋಟೆಲಿನ ಗೋಳಿಬಜೆ ಚೆನ್ನಾಗಿದೆ, ನಾಲ್ಕು ಗಂಟೆಗೆ ಬಿಸಿ ಇರುತ್ತದೆ. ಕಾಯುವ ಕಷ್ಟ ಅಷ್ಟು ಕಡಿಮೆ.

ಹೋಗುವವರು ಕಾಗದಕ್ಕೆ ಲ್ಯಾಮಿನೇಶನ್ ಮಾಡಿಸಬೇಡಿ, ಮಾಡಿಸಿದ್ದನ್ನು ನೋಡಿ ಮಾವ ಬೈಯುವುದನ್ನು ನಾನೇ ಕೇಳಿದ್ದೇನೆ. ಹರಿದದ್ದಿದ್ದರೆ ಹಾಗೇ ಕವರಿನಲ್ಲಿ ಹಾಕಿ ತನ್ನಿ. ಗೇಣಿಚೀಟು, ಪಾಲುಪಟ್ಟಿ, ವೀಲುನಾಮೆ, ಟ್ರಿಬ್ಯೂನಲ್ ಕಾಗದ, ಹಳೇ ತೀರ್ವೆ ರಸೀದಿ, ಉಪಯೋಗ ಇಲ್ಲ ಅಂತ ಕಾಣುವ ಚೀಟಿ ಕೂಡ ತನ್ನಿ. ಮನೆಯಲ್ಲಿ ಅಜ್ಜಿ ಇದ್ದರೆ 1976ರಲ್ಲಿ ಕುಟುಂಬದಲ್ಲಿ ಯಾರು ಯಾರು ಬದುಕಿದ್ದರು, ಯಾವ ಮಗು ಹುಟ್ಟಿತ್ತು ಅಂತ ಕೇಳಿ ಬರೆದುಕೊಂಡು ಹೋಗಿ. ಅಳಿಯಸಂತಾನದ ಮನೆಯವರಿಗೆ ಮಾವ ಕೇಳುವ ಮೊದಲ ಪ್ರಶ್ನೆ ಅದು. ಶುಕ್ರವಾರ ಮಧ್ಯಾಹ್ನ ಮುಚ್ಚಿರುತ್ತದೆ, ಎರಡನೇ ಶನಿವಾರ ಆಫೀಸುಗಳು ಇಲ್ಲದ್ದರಿಂದ ಇವರು ನಿಧಾನಕ್ಕೆ ಮಾತಿಗೆ ಸಿಗುತ್ತಾರೆ. ನಿಮ್ಮ ಗ್ರಾಮಕ್ಕೆ ಮರುಸರ್ವೆ ಬಂದಿದ್ದರೆ ಕರಡು ನಕ್ಷೆಯ ಪ್ರಿಂಟನ್ನೂ ಹಿಡಿದುಕೊಂಡು ಹೋಗಿ. ತಕರಾರು ಅರ್ಜಿಗೆ ಬೇರೆ ರೇಟು, ನಾನು ಇನ್ನೂ ಕೊಟ್ಟಿಲ್ಲ.